‘ಲೈಟ್ ಆಫ್ ಮಾಡ್ಲಾ?’

ಮದುವೆಯಾಗಿ ಎರಡೂವರೆ ವರ್ಷ. ಹಬ್ಬಕ್ಕೋ ಗೃಹಪ್ರವೇಶಕ್ಕೋ ಹೋದರೆ ನಮ್ಮಿಬ್ಬರಿಗೂ ಮೊದಲು ಎದುರಾಗುವ ಪ್ರಶ್ನೆ ಒಂದೇ: “ಏನು, ವಿಶೇಷ ಏನೂ ಇಲ್ವಾ?” ನಾನು ಹಲ್ಲು ಕಿರಿದು ಊಟದ ಪಂಕ್ತಿಯ ಕಡೆ ಜಾರಿಕೊಳ್ಳುತ್ತಿದ್ದೆ. ನನ್ನ ಹೆಂಡತಿಗೆ ಆ ಅವಕಾಶ ಇರುತ್ತಿರಲಿಲ್ಲ. ಹೆಂಗಸರು ಸುತ್ತುವರಿದು ಡಾಕ್ಟರ ಹೆಸರು, ವ್ರತದ ಹೆಸರು ಎಲ್ಲ ಹೇಳಿಯೇ ಬಿಡುತ್ತಿದ್ದರು. ವಿಶೇಷದ ಮಾತು ಹಾಗಿರಲಿ, ನಾವಿಬ್ಬರೂ ಮನಸ್ಸು ಬಿಚ್ಚಿ ಮಾತಾಡಿಯೇ ಏಳೆಂಟು ತಿಂಗಳಾಗಿತ್ತು ಅಂತ ಅವರಿಗೆ ಹೇಗೆ ಹೇಳೋದು?

ಜಗಳ ಅಂದುಕೊಳ್ಳಬೇಡಿ. ಜಗಳವಾಗಿದ್ದರೆ ರಾಜಿಯೂ ಆಗುತ್ತಿತ್ತು. ನಾನು ಸಾಫ್ಟ್‌ವೇರ್ ಎಂಜಿನಿಯರ್, ಅಮೆರಿಕದವರ ಜೊತೆಗಿನ ಕಾಲ್ ಮುಗಿಯುವಾಗ ರಾತ್ರಿ ಹನ್ನೊಂದೂವರೆ. ಅವಳು ಬೆಳಗ್ಗೆ ಏಳಕ್ಕೇ ಆಫೀಸ್ ಕ್ಯಾಬ್ ಹತ್ತಬೇಕು. ಮೊದಮೊದಲು ಸುಸ್ತು ಅಂತ ಮಲಗಿದೆವು. ಆಮೇಲೆ ಅದೇ ಅಭ್ಯಾಸವಾಯಿತು. ಒಂದು ಹಂತ ದಾಟಿದ ಮೇಲೆ, ಕೈ ಚಾಚಿದರೆ ಏನಂದುಕೊಳ್ಳುತ್ತಾಳೋ ಅಂತ ನನಗೆ, ಇವನಿಗೆ ನಾನು ಬೇಡವಾದೆನೇನೋ ಅಂತ ಅವಳಿಗೆ. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ. ಗೊತ್ತಾಗಲು ಕಾರಣ ಒಂದು ಪುಟ್ಟ ನಾಟಕ.

ಕಾಲೇಜಿನಲ್ಲಿ ನನ್ನ ಜೊತೆ ಓದಿದ ಗೆಳೆಯನೊಬ್ಬ ವಾರಾಂತ್ಯದಲ್ಲಿ ನಾಟಕ ಮಾಡುತ್ತಾನೆ. ಅವರ ತಂಡಕ್ಕೆ ಧ್ವನಿ ನೋಡಿಕೊಳ್ಳಲು ಒಬ್ಬ ಬೇಕಾಗಿದ್ದ. “ಲ್ಯಾಪ್‌ಟಾಪ್‌ನಲ್ಲಿ ಬಟನ್ ಒತ್ತೋದು ಅಷ್ಟೇ ಮಾರಾಯ, ನಿಂಗೆ ಬರಲ್ವಾ?” ಅಂತ ಕರೆದ. ಗಂಡ ಹೆಂಡತಿಯ ನಾಟಕ, ಎರಡೇ ಪಾತ್ರ, ರಂಗದ ಮೇಲೆ ಒಂದು ಮಂಚ, ಒಂದು ಬಲ್ಬು. ತಾಲೀಮು ನಡೆಯುತ್ತಿದ್ದದ್ದು ಒಂದು ಹಳೆ ಮನೆಯ ಮಹಡಿಯಲ್ಲಿ. ಅಲ್ಲೇ ಪ್ರದರ್ಶನ ಕೂಡ. ಐವತ್ತು ಜನ ಕೂತರೆ ಭರ್ತಿ.

ತಾಲೀಮಿಗೆ ಹೋದ ಮೊದಲ ದಿನವೇ ನನಗೆ ಮುಜುಗರ. ಆ ಹುಡುಗ ಹುಡುಗಿ ಒಂದೇ ಮಂಚದ ಮೇಲೆ ಮಲಗಿ ಮಾತಾಡುವ ದೃಶ್ಯ. ನಾನು ಲ್ಯಾಪ್‌ಟಾಪ್ ಒಳಗೆ ಮುಖ ಹುದುಗಿಸಿ ಕೂತೆ. ಆದರೆ ಅಲ್ಲಿ ನಡೆದದ್ದು ನಾನು ಅಂದುಕೊಂಡ ಹಾಗಿರಲಿಲ್ಲ. ನಿರ್ದೇಶಕಿ ಮೊದಲು ಇಬ್ಬರನ್ನೂ ಎದುರುಬದುರು ಕೂರಿಸಿ ಕೇಳಿದರು: ಎಲ್ಲಿ ಮುಟ್ಟಿದರೆ ಪರವಾಗಿಲ್ಲ, ಎಲ್ಲಿ ಬೇಡ? ಆಮೇಲೆ ಒಂದೊಂದನ್ನೂ ನಿಗದಿ ಮಾಡಿದರು. ಇಲ್ಲಿ ಕೈ ಭುಜದ ಮೇಲೆ, ಮೂರು ಎಣಿಸುವವರೆಗೆ. ಇಲ್ಲಿ ಅವನು ಹತ್ತಿರ ಬರುತ್ತಾನೆ, ಅವಳು ಮುಖ ತಿರುಗಿಸಿದ ಮೇಲೆ ಮುಂದೆ ಬರುವ ಹಾಗಿಲ್ಲ. ಯಾರಿಗಾದರೂ ಆ ದಿನ ಬೇಡ ಅನ್ನಿಸಿದರೆ ಹೇಳಬಹುದು, ಕಾರಣ ಕೊಡಬೇಕಿಲ್ಲ. ನಮಗೆ ನೋಡಲು ಎಷ್ಟು ಸಹಜ ಅನ್ನಿಸುತ್ತದೋ, ಅದರ ಹಿಂದೆ ಅಷ್ಟು ಕೇಳುವುದು, ಹೇಳುವುದು ಇರುತ್ತದೆ. ನಟನೆಗೆ ಮಾತ್ರ ಜೊತೆಯಾದ ಇಬ್ಬರು ಒಬ್ಬರನ್ನೊಬ್ಬರು ಇಷ್ಟು ಕೇಳುತ್ತಾರೆ. ಎರಡೂವರೆ ವರ್ಷದಲ್ಲಿ ನಾನು ನನ್ನ ಹೆಂಡತಿಯನ್ನು ಒಂದು ಸಲವಾದರೂ ಕೇಳಿದ್ದೆನಾ? ಆ ದಿನ ಮನೆಗೆ ಹೋಗುವ ದಾರಿಯುದ್ದಕ್ಕೂ ಅದೇ ತಲೆಯಲ್ಲಿತ್ತು.

ಕತೆ ಬಹಳ ಸರಳ. ದಿನಾ ರಾತ್ರಿ ಆ ಇಬ್ಬರೂ ಮಂಚದ ಎರಡು ತುದಿಯಲ್ಲಿ ಕೂತು ಗ್ಯಾಸ್ ಬುಕ್ ಮಾಡಿದ್ಯಾ, ನೀರಿನ ಟ್ಯಾಂಕರ್‌ನವನಿಗೆ ದುಡ್ಡು ಹಾಕಿದ್ಯಾ, ನಾಳೆ ತಿಂಡಿಗೆ ಏನು ಅಂತ ಮಾತಾಡುತ್ತಾರೆ. ಕೊನೆಗೆ ಒಬ್ಬರು ಕೇಳುತ್ತಾರೆ, “ಲೈಟ್ ಆಫ್ ಮಾಡ್ಲಾ?” ಇನ್ನೊಬ್ಬರು “ಹ್ಞೂ” ಅನ್ನುತ್ತಾರೆ. ಕತ್ತಲು. ಮತ್ತೆ ಬೆಳಕು, ಮತ್ತೊಂದು ರಾತ್ರಿ, ಅದೇ ಮಾತು. ಮೊದಲ ಸಲ ಜನ ನಗುತ್ತಾರೆ. ಎರಡನೇ ಸಲ ಇನ್ನೂ ಜೋರಾಗಿ ನಗುತ್ತಾರೆ. ನಾಲ್ಕನೇ ಸಲ ಯಾರೂ ನಗುವುದಿಲ್ಲ.

ಪ್ರದರ್ಶನದ ದಿನ ನನ್ನವಳೂ ಬಂದಿದ್ದಳು. ನಾನು ಹಿಂದಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ, ಅವಳು ಎರಡನೇ ಸಾಲಿನಲ್ಲಿ ಚಾಪೆಯ ಮೇಲೆ. ಎಲ್ಲರೂ ನಗುವಾಗ ಅವಳು ನಗಲಿಲ್ಲ. ಕತ್ತಲಾದಾಗ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡದ್ದು ಲ್ಯಾಪ್‌ಟಾಪಿನ ಬೆಳಕಿನಲ್ಲಿ ಕಂಡಿತು. ನಾನು ಮಳೆಯ ಸದ್ದು ಹಾಕುವುದನ್ನು ಎರಡು ಸೆಕೆಂಡ್ ಮರೆತೆ. ಗೆಳೆಯ ಆಮೇಲೆ ಬೈದ.

ಇಂಥ ನಾಟಕಗಳು ನಮಗೆ ಹೊಸತಾ? ಪಟ್ಟಣದವರ ಹೊಸ ಶೋಕಿ ಅಂತ ಕೆಲವರು ಹೇಳುವುದುಂಟು. ನಾನೂ ಹಾಗೇ ಅಂದುಕೊಂಡಿದ್ದೆ. ಬೈಲಹೊಂಗಲದ ಕಡೆ ಇರುವ ನಮ್ಮ ಅವ್ವನಿಗೆ ಫೋನಿನಲ್ಲಿ ಅಳುಕುತ್ತಲೇ ಈ ನಾಟಕದ ಸುದ್ದಿ ಹೇಳಿದೆ. ಅವ್ವ ನಕ್ಕಳು. “ಇದೇನ್ ದೊಡ್ಡದೋ? ನಾವ್ ಸಣ್ಣಾವ್ರಿದ್ದಾಗ ಸಂಗ್ಯಾ ಬಾಳ್ಯಾ ಆಡ್ತಿದ್ರು. ಮದಿವಿಯಾದ ಗಂಗಾನ ಮ್ಯಾಲ ಸಂಗ್ಯಾನ ಮನಸು. ಹುಡಿಗ್ಯಾರು ನೋಡಬಾರದು ಅಂತ ಬೈತಿದ್ರು. ನಾವು ಮಾಳಿಗಿ ಮ್ಯಾಲ ಮುಸುಕು ಹಾಕ್ಕೊಂಡು ಕುಂತು ಬೆಳತನಕ ಕೇಳ್ತಿದ್ವಿ.” ನಮ್ಮ ಅವ್ವ ಇಂಥ ಮಾತನ್ನು ನನ್ನ ಹತ್ತಿರ ಆಡಿದ್ದು ಅದೇ ಮೊದಲು.

ಅವ್ವ ಹೇಳಿದ ಮೇಲೆ ಹುಡುಕಿ ಓದಿದೆ, ಸಿಕ್ಕಿದ್ದನ್ನು ನೋಡಿದೆ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ರಂಗಕ್ಕೆ ಬಂದದ್ದು 1972ರಲ್ಲಿ. ಮಕ್ಕಳಿಲ್ಲದ ಗೌಡತಿ ಗಂಡನಿಗೆ ಉಣಿಸಲೆಂದು ಜೋಕುಮಾರನ ಪಡವಲಕಾಯಿಯ ಪಲ್ಯ ಮಾಡುತ್ತಾಳೆ. ಅದು ಬಸಣ್ಣನ ಹೊಟ್ಟೆ ಸೇರುತ್ತದೆ. ಹೆಣ್ಣಿನ ಬಯಕೆಯನ್ನೂ ಗೌಡನ ಷಂಡತನವನ್ನೂ ಉಳುವವನ ಭೂಮಿಯ ಹಕ್ಕನ್ನೂ ಒಂದೇ ಕತೆಯಲ್ಲಿ ಹೆಣೆದ ನಾಟಕ ಅದು. ಅದನ್ನು ಓದುತ್ತಾ, ‘ವಿಶೇಷ ಇಲ್ವಾ’ ಅನ್ನುವ ಪ್ರಶ್ನೆ ಯಾವಾಗಲೂ ಹೆಂಗಸಿಗೇ ಯಾಕೆ ಬರುತ್ತದೆ ಅಂತ ನನ್ನನ್ನೇ ಕೇಳಿಕೊಂಡೆ.

ಗಿರೀಶ್ ಕಾರ್ನಾಡರ ‘ನಾಗಮಂಡಲ’ ನಿಮಗೆ ಗೊತ್ತೇ ಇರುತ್ತದೆ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕತೆಗಳಿಂದ ಕಟ್ಟಿದ, 1988ರ ನಾಟಕ. 1997ರಲ್ಲಿ ನಾಗಾಭರಣ ಅದನ್ನು ಸಿನಿಮಾ ಮಾಡಿದರು. ಗಂಡ ಅಪ್ಪಣ್ಣ ಹಗಲು ಬಂದು ಉಂಡು, ರಾಣಿಯನ್ನು ಒಳಗೆ ಕೂಡಿ ಬೀಗ ಹಾಕಿ ಸೂಳೆಯ ಮನೆಗೆ ಹೋಗುತ್ತಾನೆ. ರಾತ್ರಿ ಅದೇ ಮುಖ ಹೊತ್ತು ನಾಗ ಬರುತ್ತಾನೆ, ಅವಳ ಮಾತು ಕೇಳುತ್ತಾನೆ, ಪ್ರೀತಿಸುತ್ತಾನೆ. ಹಗಲಿನ ಗಂಡ ಬೇರೆ, ರಾತ್ರಿಯ ಗಂಡ ಬೇರೆ. ಆದರೆ ನನಗೆ ಹೆಚ್ಚು ಕಾಡಿದ್ದು ನಾಟಕದ ಶುರುವಿನ ದೃಶ್ಯ. ಊರಿನ ಮನೆಗಳಲ್ಲಿ ಆರಿಸಿದ ದೀಪಗಳ ಜ್ವಾಲೆಗಳೆಲ್ಲ ರಾತ್ರಿ ಒಂದು ಪಾಳು ಗುಡಿಯಲ್ಲಿ ಸೇರುತ್ತವೆ. ಸೇರಿ, ತಂತಮ್ಮ ಮನೆಯಲ್ಲಿ ಏನಾಯಿತು ಅಂತ ಹರಟೆ ಹೊಡೆಯುತ್ತವೆ. ನಾವು ದೀಪ ಆರಿಸಿದರೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತೇವೆ, ದೀಪ ಎಲ್ಲವನ್ನೂ ನೋಡಿಕೊಂಡೇ ಹೋಗಿರುತ್ತದೆ. ಐವತ್ತು ಜನರ ಆ ಮಹಡಿಯೂ ಅಂಥದ್ದೇ ಒಂದು ಗುಡಿ ಅಂತ ಈಗ ಅನ್ನಿಸುತ್ತದೆ.

ಇತ್ತೀಚಿನವರೂ ಹಿಂದೆ ಬಿದ್ದಿಲ್ಲ. ಶರಣ್ಯ ರಾಮಪ್ರಕಾಶ್ ಅವರ ‘ಅಕ್ಷಯಾಂಬರ’ದಲ್ಲಿ ಇಬ್ಬರೇ. ಯಕ್ಷಗಾನದ ಚೌಕಿಯಲ್ಲಿ ಸ್ತ್ರೀವೇಷದ ಗಂಡು ದ್ರೌಪದಿಯಾಗುತ್ತಾನೆ, ಹೆಣ್ಣು ಕೌರವನ ವೇಷ ಕಟ್ಟುತ್ತಾಳೆ. ಗಂಡು ಅಂದರೆ ಏನು, ಹೆಣ್ಣು ಅಂದರೆ ಏನು ಅನ್ನುವ ಪ್ರಶ್ನೆ ಬಣ್ಣ ಹಚ್ಚಿಕೊಳ್ಳುವಲ್ಲೇ ಏಳುತ್ತದೆ. ಎ. ರೇವತಿಯವರ ಆತ್ಮಕತೆಯನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಅದನ್ನು ಜನಮನದಾಟ ತಂಡ ನಾಟಕವಾಗಿ ಊರೂರಿಗೆ ಕೊಂಡೊಯ್ದಿತು. ಸಿಗ್ನಲ್‌ನಲ್ಲಿ ಕಾರಿನ ಗಾಜು ಏರಿಸಿಕೊಳ್ಳುವ ನಮ್ಮಂಥವರು ಒಬ್ಬ ಹೆಣ್ಣಾಗಬಯಸಿದ ಜೀವದ ಪಕ್ಕ ಅಷ್ಟು ಹೊತ್ತು ಕೂರುವುದು ನಾಟಕದಲ್ಲಿ ಮಾತ್ರ ಸಾಧ್ಯವೇನೋ.

ಸಿನಿಮಾ, ವೆಬ್ ಸೀರೀಸ್‌ಗಳಲ್ಲಿ ಇದೆಲ್ಲ ಇಲ್ವಾ ಅಂತ ಕೇಳಬಹುದು. ಇದೆ, ಬೇಕಾದಷ್ಟಿದೆ. ಆದರೆ ಮೊಬೈಲಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಒಬ್ಬರೇ ನೋಡುತ್ತೇವೆ, ಯಾರಾದರೂ ಬಂದರೆ ತಟ್ಟನೆ ತಿರುಗಿಸಿಡುತ್ತೇವೆ. ನಾಟಕದಲ್ಲಿ ಆ ಸೌಲಭ್ಯ ಇಲ್ಲ. ಎದುರಿಗಿರುವವರು ಮನುಷ್ಯರು, ಅವರ ಉಸಿರು ಕೇಳಿಸುತ್ತದೆ. ಪಕ್ಕದಲ್ಲಿ ಕೂತವರ ಉಸಿರೂ ಕೇಳಿಸುತ್ತದೆ. ಫಾರ್ವರ್ಡ್ ಮಾಡಲು ಆಗುವುದಿಲ್ಲ. ನಿಮಗೆ ಮುಜುಗರವಾದದ್ದು ಪಕ್ಕದವರಿಗೆ ಗೊತ್ತಾಗುತ್ತದೆ, ಅವರಿಗೂ ಆಗಿದ್ದು ನಿಮಗೆ ಗೊತ್ತಾಗುತ್ತದೆ. ಅಲ್ಲಿಗೆ ಅರ್ಧ ಮುಜುಗರ ಕಳೆಯಿತು.

ನಾಟಕ ಮುಗಿದ ಮೇಲೆ ಎಲ್ಲರೂ ವೃತ್ತಾಕಾರದಲ್ಲಿ ಕೂತು ಮಾತಾಡಿದೆವು. ಅರವತ್ತು ದಾಟಿದ ಹಿರಿಯರೊಬ್ಬರು ಎದ್ದು, “ಅಭಿನಯ ಚೆನ್ನಾಗಿತ್ತು. ಆದ್ರೆ ನಾಲ್ಕು ಗೋಡೆ ಮಧ್ಯದ ವಿಷಯಾನ ಹೀಗೆ ಹತ್ತು ಜನರ ಮುಂದೆ ತರಬೇಕಾ? ಮನೇಲಿ ಮಾತಾಡ್ಕೊಂಡ್ರೆ ಸಾಲದಾ?” ಅಂದರು. ನಿರ್ದೇಶಕಿ ಬಾಯಿ ತೆರೆಯುವ ಮೊದಲೇ ಅವರ ಪಕ್ಕದಲ್ಲಿದ್ದ ಹೆಂಡತಿ, “ಮನೇಲಿ ಯಾವಾಗ್ರೀ ಮಾತಾಡಿದೀರಿ ನೀವು?” ಅಂದುಬಿಟ್ಟರು. ಇಡೀ ಮಹಡಿ ಘೊಳ್ಳೆಂದಿತು. ಆ ಹಿರಿಯರೂ ನಕ್ಕರು. ನಗುತ್ತಲೇ ತಲೆ ತಗ್ಗಿಸಿದ್ದನ್ನೂ ನೋಡಿದೆ.

ಇನ್ನು ಇಂಥ ನಾಟಕದ ಲೆಕ್ಕಾಚಾರ. ಆ ದಿನ ಹೋದದ್ದು 46 ಟಿಕೆಟ್, ತಲಾ 200 ರೂಪಾಯಿ, ಒಟ್ಟು 9,200. ಜಾಗದ ಬಾಡಿಗೆ 4,000, ಲೈಟಿಗೆ 1,500, ಮಂಚ ಸಾಗಿಸಿದ ಟೆಂಪೋಗೆ 1,200, ಚಹಾ ಬನ್ನಿಗೆ 700. ಉಳಿದದ್ದು 1,800. ಐದು ಜನ ಹಂಚಿಕೊಂಡರೆ ತಲೆಗೆ 360. ಎರಡು ತಿಂಗಳ ತಾಲೀಮಿನ ಸಂಪಾದನೆ! ನನ್ನ ಪಾಲಿನಲ್ಲಿ ಮನೆಗೆ ಆಟೋ ಮಾಡಿದರೆ ಮಿಕ್ಕದ್ದು ಚಿಲ್ಲರೆ. ಹೀಗಾಗಿಯೇ ಈ ತಂಡಗಳು ಮಹಡಿ, ಕೆಫೆ, ಪುಸ್ತಕದಂಗಡಿ ಅಂತ ಸಿಕ್ಕಲ್ಲಿ ಆಡುತ್ತವೆ. ಜೆ.ಪಿ. ನಗರದ ರಂಗಶಂಕರ 2004ರಲ್ಲಿ ಶುರುವಾಗಿ ಬೆಂಗಳೂರಿನವರಿಗೆ ಟಿಕೆಟ್ ಕೊಂಡು, ಸಮಯಕ್ಕೆ ಸರಿಯಾಗಿ ಬಂದು ನಾಟಕ ನೋಡುವ ರೂಢಿ ಕಲಿಸಿತು. ಹನುಮಂತನಗರದ ಕೆ.ಎಚ್. ಕಲಾಸೌಧದಂಥ ಜಾಗಗಳೂ ಇವೆ. ಆದರೂ ಹೊಸ ತಂಡಕ್ಕೆ ದೊಡ್ಡ ರಂಗಮಂದಿರ ತುಂಬಿಸುವುದು ಸುಲಭದ ಮಾತಲ್ಲ. ಒಂದು ರೀತಿಯಲ್ಲಿ ಇಂಥ ವಿಷಯಕ್ಕೆ ಸಣ್ಣ ಜಾಗವೇ ಸರಿ. ಪಿಸುಮಾತನ್ನು ಮೈಕಿನಲ್ಲಿ ಹೇಳಿದರೆ ಅದು ಪಿಸುಮಾತಾಗಿ ಉಳಿಯುವುದಿಲ್ಲ.

ಎಲ್ಲ ನಾಟಕವೂ ಚಿನ್ನ ಅಂತ ಹೇಳುವುದಿಲ್ಲ. ಅದಾದ ಮೇಲೆ ನೋಡಿದ ಕೆಲವದರಲ್ಲಿ ಬೈಗುಳ ಬಿಟ್ಟರೆ ಬೇರೇನೂ ಇರಲಿಲ್ಲ. ಜೋರಾಗಿ ಕೆಟ್ಟ ಮಾತಾಡಿದರೆ ಧೈರ್ಯ ಅಂದುಕೊಂಡವರೂ ಇದ್ದಾರೆ. ಇನ್ನು ಕೆಲವು ಭಾಷಣ. ನನಗೆ ಹಿಡಿಸಿದವು ಉತ್ತರ ಕೊಡದ ನಾಟಕಗಳು. ಪ್ರಶ್ನೆಯನ್ನು ಜೇಬಿನಲ್ಲಿಟ್ಟು ಮನೆಗೆ ಕಳಿಸುವಂಥವು.

ಆ ರಾತ್ರಿ ನಮ್ಮ ಜೇಬಿನಲ್ಲೂ ಒಂದು ಪ್ರಶ್ನೆ ಇತ್ತು. ಬೈಕಿನಲ್ಲಿ ಅವಳು ಹಿಂದೆ, ನಾನು ಮುಂದೆ, ಇಬ್ಬರೂ ಮೌನ. ದಾರಿಯಲ್ಲಿ ಚಹಾದಂಗಡಿ ಕಂಡಿತು, ನಿಲ್ಲಿಸಿದೆ. ಲೋಟ ಕೈಗೆ ಬಂದ ಮೇಲೆ ಅವಳು ಕೇಳಿದಳು, “ಆ ನಾಟಕ ನಮ್ಮನೆ ನೋಡಿ ಬರೆದಿದ್ದಾ?”

“ಅಲ್ಲ” ಅಂದೆ. “ಆದ್ರೆ ನಂಗೂ ಹಾಗೇ ಅನ್ನಿಸ್ತು.”

“ನಾನು ನಿಂಗೆ ಬೇಡ್ವಾ?”

ಎಂಟು ತಿಂಗಳು ಇದೇ ಪ್ರಶ್ನೆ ಇಟ್ಟುಕೊಂಡು ಪಕ್ಕದಲ್ಲಿ ಮಲಗಿದ್ದಳು. ನನಗೆ ಗಂಟಲು ಕಟ್ಟಿತು. ನನ್ನ ಹೆದರಿಕೆ, ಅವಳ ಅನುಮಾನ ಎಲ್ಲ ಆ ಅಂಗಡಿಯ ಮುಂದೆ ನಿಂತೇ ಹೊರಬಂತು. ಮೂರು ಸಲ ಚಹಾ ಕುಡಿದೆವು. ಅಂಗಡಿಯವನು ಶಟರ್ ಅರ್ಧ ಎಳೆದು, “ಸರ್, ಲೈಟ್ ಆಫ್ ಮಾಡ್ತೀನಿ” ಅಂದಾಗ ಇಬ್ಬರಿಗೂ ತಡೆಯಲಾಗದ ನಗು. ಪಾಪ, ಅವನಿಗೆ ಏನೂ ಅರ್ಥವಾಗಲಿಲ್ಲ.

ಒಂದೇ ರಾತ್ರಿಯಲ್ಲಿ ಎಲ್ಲ ಸರಿಹೋಯಿತು ಅಂತ ಬರೆದರೆ ಅದು ಸಿನಿಮಾ ಆಗುತ್ತದೆ. ಆಪ್ತಸಮಾಲೋಚಕರ ಹತ್ತಿರವೂ ಹೋದೆವು, ಈಗಲೂ ಹೋಗುತ್ತೇವೆ. ವಾರದಲ್ಲಿ ಎರಡು ದಿನ ರಾತ್ರಿ ಕಾಲ್ ತಗೊಳ್ಳಲ್ಲ ಅಂತ ಮ್ಯಾನೇಜರ್‌ಗೆ ಹೇಳಿದ್ದೇನೆ. ಕೆಲವು ವಾರ ಚೆನ್ನಾಗಿರುತ್ತದೆ, ಕೆಲವು ವಾರ ಮತ್ತೆ ಗ್ಯಾಸು, ಟ್ಯಾಂಕರು. ಆದರೆ ಈಗ ಕೇಳುವುದು ಗೊತ್ತು, ಬೇಡ ಅಂದರೆ ಮುನಿಸಿಕೊಳ್ಳದೆ ಇರುವುದೂ ಗೊತ್ತು. ಇದನ್ನು ಬರೆಯಲಾ ಅಂತಲೂ ಕೇಳಿದೆ. “ಬರಿ, ಹೆಸರು ಹಾಕ್ಬೇಡ” ಅಂದಳು.

ಮೊನ್ನೆ ಗೌರಿ ಹಬ್ಬಕ್ಕೆ ಮೈಸೂರಿನ ಅತ್ತೆಮನೆಗೆ ಹೋಗಿದ್ದೆವು. ಬಾಗಿನ ಕೊಡಲು ಬಂದ ಚಿಕ್ಕಮ್ಮ ಯಥಾಪ್ರಕಾರ, “ಏನಮ್ಮಾ, ವಿಶೇಷ ಏನೂ ಇಲ್ವಾ?” ಅಂದರು. ನಾನು ಊಟದ ಪಂಕ್ತಿಯ ಕಡೆ ಹೋಗದೆ ಅವಳ ಪಕ್ಕದಲ್ಲೇ ನಿಂತೆ. ಅವಳು ನನ್ನ ಮುಖ ನೋಡಿ, “ಇದೆ ಚಿಕ್ಕಮ್ಮ. ಇಬ್ರೂ ಸೇರಿ ನಾಟಕ ನೋಡ್ತಿದೀವಿ” ಅಂದಳು. ಚಿಕ್ಕಮ್ಮ ಏನಂದುಕೊಂಡರೋ ಗೊತ್ತಿಲ್ಲ. ಹೋಗುವಾಗ ಮೆಲ್ಲಗೆ ಅವಳ ಹತ್ತಿರ ಬಂದು, “ಯಾವ ನಾಟಕನೇ? ನಮ್ಮೂರಿಗೂ ಬರುತ್ತಾ?” ಅಂತ ಕೇಳಿದರಂತೆ.

ನಿಮ್ಮೂರಿಗೂ ಇಂಥದ್ದೊಂದು ಬಂದರೆ ಜೋಡಿಯಾಗಿ ಹೋಗಿ ಬನ್ನಿ. ಬರುವಾಗ ಚಹಾಕ್ಕೆ ಸ್ವಲ್ಪ ಸಮಯ ಇಟ್ಟುಕೊಳ್ಳಿ.