ಅದಕ್ಕೇನು ತಿಳಿಯುತ್ತದೆ? : ಕೂಸಿನ ಮೆದುಳು ಮತ್ತು ಮನೆಯವರ ಮಾತು

ಪ್ರತಿ ತಿಂಗಳು ಪುಷ್ಯ ನಕ್ಷತ್ರದ ದಿನ ನಮ್ಮ ಚಿಕಿತ್ಸಾಲಯದ ಮುಂದೆ ಮುಂಜಾನೆಯಿಂದಲೇ ತಾಯಂದಿರ ಸಾಲು ನಿಲ್ಲುತ್ತದೆ. ಗದಗ-ಬೆಟಗೇರಿಯವರಷ್ಟೇ ಅಲ್ಲ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಡೆಯವರೂ ಸ್ವರ್ಣಬಿಂದು ಹಾಕಿಸಲು ಕೂಸುಗಳನ್ನು ಎತ್ತಿಕೊಂಡು ಬರುತ್ತಾರೆ. ಎಲ್ಲರ ಪ್ರಶ್ನೆಯೂ ಒಂದೇ: “ಡಾಕ್ಟರ ಸಾಹೇಬರ, ಇದರಿಂದ ಕೂಸು ಶಾಣ್ಯಾ ಆಗ್ತೈತಲ್ರೀ?” ನಾನು ಉತ್ತರ ಕೊಡುವ ಮೊದಲು ಒಂದು ಮರುಪ್ರಶ್ನೆ ಕೇಳುತ್ತೇನೆ: “ಇವತ್ತ ಮುಂಜಾನಿಂದ ಕೂಸಿನ ಸಂಗಡ ಏನೇನು ಮಾತಾಡೀಯವ್ವಾ?” ಬಹಳ ಮಂದಿ ನಗುತ್ತಾರೆ. “ನಾಕು ತಿಂಗಳದ ಕೂಸು, ಅದಕ್ಕೇನು ತಿಳೀತೈತ್ರೀ?” ಎನ್ನುತ್ತಾರೆ. ನಾಲ್ಕು ದಶಕಗಳಿಂದ ಕೇಳುತ್ತ ಬಂದಿರುವ ಈ ಮಾತಿಗೆ ವಿವರವಾದ ಉತ್ತರ ಕೊಡುವುದೇ ಈ ಲೇಖನದ ಉದ್ದೇಶ.

ನಮ್ಮ ಸಂಪ್ರದಾಯದಲ್ಲಿ ಗರ್ಭಿಣಿಗೆ ಎಂಟನೆಯ ತಿಂಗಳಲ್ಲಿ ಗರ್ಭಲಿಂಗಧಾರಣೆ ಮಾಡಿಸುವ ರೂಢಿ ಉಂಟು. ಇನ್ನೂ ಕಣ್ಣಿಗೆ ಕಾಣದ ಶಿಶುವನ್ನು ಸಂಸ್ಕಾರಕ್ಕೆ ಯೋಗ್ಯವಾದ ಜೀವವೆಂದು ಭಾವಿಸುವ ಪದ್ಧತಿ ಅದು. ಹುಟ್ಟುವ ಮೊದಲೇ ಇಷ್ಟು ಗೌರವ ಪಡೆದ ಕೂಸು ಹುಟ್ಟಿದ ಮೇಲೆ ‘ಏನೂ ತಿಳಿಯದ್ದು’ ಆಗುವುದು ಹೇಗೆ? ಗರ್ಭದ ಆರನೆಯ ತಿಂಗಳ ಹೊತ್ತಿಗೆ ಶಿಶುವಿಗೆ ಧ್ವನಿ ಕೇಳಿಸತೊಡಗುತ್ತದೆ. 1980ರಲ್ಲಿ ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಸಂಶೋಧಕರು, ಹುಟ್ಟಿ ಮೂರು ದಿನವೂ ತುಂಬದ ಕೂಸುಗಳು ಪರಸ್ತ್ರೀಯ ಧ್ವನಿಗಿಂತ ತಾಯಿಯ ಧ್ವನಿಯನ್ನೇ ಕೇಳಬಯಸುತ್ತವೆ ಎಂಬುದನ್ನು ಪ್ರಯೋಗದಿಂದ ತೋರಿಸಿದರು. ಹೆರಿಗೆಯ ಕೋಣೆಗೆ ಬರುವಾಗಲೇ ಕೂಸು ತಾಯಿಯ ಧ್ವನಿಯನ್ನು ಬಲ್ಲದು.

ಮೆದುಳು ಬೆಳೆಯುವ ಬಗೆ

ಹುಟ್ಟಿದ ಕೂಸಿನ ಮೆದುಳಿನ ತೂಕ ಸುಮಾರು 350ರಿಂದ 400 ಗ್ರಾಂ. ಎರಡು ವರ್ಷ ತುಂಬುವ ಹೊತ್ತಿಗೆ ಅದು ವಯಸ್ಕರ ಮೆದುಳಿನ ಮುಕ್ಕಾಲು ಭಾಗದಷ್ಟಾಗುತ್ತದೆ. ನರಕೋಶಗಳ ಸಂಖ್ಯೆ ಹೆಚ್ಚುವುದರಿಂದ ಈ ಬೆಳವಣಿಗೆ ಆಗುವುದಿಲ್ಲ. ಅವು ಹೆಚ್ಚುಕಡಿಮೆ ಗರ್ಭದಲ್ಲಿಯೇ ಸಿದ್ಧವಾಗಿರುತ್ತವೆ. ಹೆಚ್ಚುವುದು ಒಂದು ಕೋಶಕ್ಕೂ ಇನ್ನೊಂದು ಕೋಶಕ್ಕೂ ನಡುವೆ ಏರ್ಪಡುವ ಸಂಪರ್ಕಗಳು.

ಹೊಲದ ಕಾಲುದಾರಿಯನ್ನು ನೆನೆಯಿರಿ. ದಿನವೂ ನಡೆದಾಡಿದರೆ ದಾರಿ ಗಟ್ಟಿಯಾಗುತ್ತದೆ. ಒಂದು ಮಳೆಗಾಲ ಯಾರೂ ತುಳಿಯದಿದ್ದರೆ ಹುಲ್ಲು ಬೆಳೆದು ಮುಚ್ಚಿಹೋಗುತ್ತದೆ. ಮೆದುಳಿನಲ್ಲಿಯೂ ಹೀಗೆಯೇ. ಮೊದಲ ವರ್ಷಗಳಲ್ಲಿ ಬೇಕಾದುದಕ್ಕಿಂತ ಹೆಚ್ಚು ಸಂಪರ್ಕಗಳು ಏರ್ಪಡುತ್ತವೆ. ನೋಟ, ಸ್ಪರ್ಶ, ಮಾತು, ಆಟಗಳಿಂದ ಮತ್ತೆ ಮತ್ತೆ ಬಳಕೆಯಾದವು ಉಳಿದು ಗಟ್ಟಿಯಾಗುತ್ತವೆ, ಬಳಕೆಯಾಗದವು ಕಳಚಿಹೋಗುತ್ತವೆ. ಆದುದರಿಂದ ಗರ್ಭಧಾರಣೆಯಿಂದ ಎರಡನೆಯ ಹುಟ್ಟುಹಬ್ಬದವರೆಗಿನ ಸುಮಾರು 1000 ದಿನಗಳಿಗೆ ವೈದ್ಯರು ಇಷ್ಟು ಮಹತ್ವ ಕೊಡುತ್ತಾರೆ.

ಮಾತಿಗೆ ಮರುಮಾತು

ಕೂಸು ‘ಊಂ’ ಎನ್ನುತ್ತದೆ. ತಾಯಿ ‘ಏನವ್ವಾ, ಹಸಿವಾತೇನು?’ ಎನ್ನುತ್ತಾಳೆ, ಕೂಸು ಕಾಲು ಬಡಿದು ಮತ್ತೆ ‘ಊಂ’ ಎನ್ನುತ್ತದೆ. ನೋಡುವವರಿಗೆ ಇದು ಬರಿಯ ಮುದ್ದು. ಆದರೆ ಮೆದುಳನ್ನು ಕಟ್ಟುವ ಮುಖ್ಯ ಕ್ರಿಯೆ ಇದೇ. ‘ನಾನು ಸದ್ದು ಮಾಡಿದರೆ ಲೋಕ ಓಗೊಡುತ್ತದೆ’ ಎಂಬ ತಿಳಿವಳಿಕೆ ಭಾಷೆಗೂ ಧೈರ್ಯಕ್ಕೂ ಮೊದಲ ಮೆಟ್ಟಿಲು.

ಓಗೊಡದಿದ್ದರೆ ಏನಾಗುತ್ತದೆ? 1970ರ ದಶಕದಲ್ಲಿ ಎಡ್ವರ್ಡ್ ಟ್ರೋನಿಕ್ ಎಂಬ ಅಮೆರಿಕದ ಮನೋವಿಜ್ಞಾನಿ ಒಂದು ಸರಳ ಪ್ರಯೋಗ ಮಾಡಿದರು. ತಾಯಿ ಮೊದಲು ಕೂಸಿನೊಡನೆ ನಕ್ಕು ನಲಿದಾಡಬೇಕು. ಬಳಿಕ ಕೆಲವು ನಿಮಿಷ ಕೂಸಿನ ಎದುರಿಗೇ ಇದ್ದು ಮುಖದಲ್ಲಿ ಯಾವ ಭಾವವನ್ನೂ ತೋರಿಸಬಾರದು. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ಯಾವುದಕ್ಕೂ ಉತ್ತರ ಬಾರದಿದ್ದಾಗ ಮುಖ ತಿರುಗಿಸಿ ಅಳುತ್ತದೆ. ತಾಯಿ ಎದುರಿಗಿದ್ದರೆ ಸಾಲದು, ಅವಳ ಮುಖ ಕೂಸಿಗೆ ಉತ್ತರ ಕೊಡಬೇಕು. ಇಂದು ಹಾಲೂಡುವ ತಾಯಿಯ ಕಣ್ಣು ಮೊಬೈಲಿನ ಮೇಲಿರುವುದನ್ನು ಕಂಡಾಗಲೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ.

ಶಾಸ್ತ್ರಕಾರರ ಎಚ್ಚರಿಕೆ

ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೂ ಒಂದು. ಚರಕ ಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಕೂಸಿನ ಆಟಿಕೆಗಳ ಲಕ್ಷಣವನ್ನು ಹೇಳಿದೆ. ಅವು ಬಗೆಬಗೆಯಾಗಿ, ಸದ್ದು ಮಾಡುವಂತೆ, ನೋಡಲು ಚೆಂದಾಗಿ, ಹಗುರಾಗಿ ಇರಬೇಕು. ಮೊನೆ ಇರಬಾರದು, ಬಾಯೊಳಗೆ ಹೋಗುವಷ್ಟು ಸಣ್ಣವಾಗಿರಬಾರದು, ಕೂಸನ್ನು ಅಂಜಿಸಬಾರದು. ಅದೇ ಅಧ್ಯಾಯವು, ಕೂಸು ಅಳುತ್ತಿರಲಿ, ಉಣ್ಣದಿರಲಿ, ರಾಕ್ಷಸ ಪಿಶಾಚಿಗಳ ಹೆಸರು ಹೇಳಿ ಅದನ್ನು ಹೆದರಿಸಲಾಗದೆಂದೂ ಹೇಳುತ್ತದೆ. ಸುಶ್ರುತ ಸಂಹಿತೆಯ ಶಾರೀರಸ್ಥಾನದ ಹತ್ತನೆಯ ಅಧ್ಯಾಯವು ಕೂಸನ್ನು ಗದರಿಸಬೇಡಿ, ನಿದ್ದೆಯಿಂದ ಥಟ್ಟನೆ ಎಬ್ಬಿಸಬೇಡಿ, ಒಮ್ಮೆಲೇ ಎತ್ತಿ ಹಾರಿಸಬೇಡಿ ಎನ್ನುತ್ತದೆ.

ಎರಡು ಸಾವಿರ ವರ್ಷಗಳಷ್ಟು ಹಳೆಯ ಪರಂಪರೆಯ ಈ ಮಾತುಗಳನ್ನು ಇಂದಿನ ಶಿಶುವೈದ್ಯರೂ ಒಪ್ಪುತ್ತಾರೆ. ಪದೇ ಪದೇ ಅಂಜಿದ ಮೆದುಳು ಕಲಿಯುವ ಕೆಲಸವನ್ನು ಬಿಟ್ಟು ಪಾರಾಗುವ ಕೆಲಸದಲ್ಲಿ ತೊಡಗುತ್ತದೆ. ‘ಗುಮ್ಮ ಬಂತು, ಉಣ್ಣು’ ಎಂದು ತುತ್ತು ತುರುಕುವ ರೂಢಿಯನ್ನು ಹಿರಿಯರು ದಯವಿಟ್ಟು ಬಿಡಬೇಕು.

ದಿನದ ಕೆಲಸದಲ್ಲಿಯೇ ಪಾಠ

ಕೂಸಿನ ಬುದ್ಧಿ ಬೆಳೆಸಲು ಬೇರೆ ಹೊತ್ತು ಬೇಕಿಲ್ಲ, ದುಡ್ಡೂ ಬೇಕಿಲ್ಲ. ನಮ್ಮ ಮನೆಗಳಲ್ಲಿ ಕೂಸಿಗೆ ಎಣ್ಣೆ ಹಚ್ಚಿ ಎರೆಯುವ ಪದ್ಧತಿಯೇ ಒಂದು ಪಾಠಶಾಲೆ. ಎರೆಯುವ ಅಜ್ಜಿ ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ‘ಇದು ಕೈ, ಇದು ಕಾಲು, ಈಗ ನೀರು ಹಾಕ್ತೀನಿ’ ಎನ್ನುವಾಗ ಕೂಸು ಸ್ಪರ್ಶವನ್ನೂ ಶಬ್ದವನ್ನೂ ಒಟ್ಟಿಗೆ ಕಲಿಯುತ್ತದೆ. ಆದರೆ ಕಿವಿ ಮೂಗುಗಳಿಗೆ ಎಣ್ಣೆ ಬಿಡಬಾರದು; ಎರೆದ ಮೇಲೆ ಕೋಣೆಯ ತುಂಬ ಹೊಗೆ ಹಾಕಬಾರದು.

ರೊಟ್ಟಿ ಬಡಿಯುವ ತಾಯಿ ಕೂಸನ್ನು ಒಲೆಯಿಂದ ದೂರ, ಆದರೆ ಕಣ್ಣೆದುರಿಗೆ ಮಲಗಿಸಿ ತಾನು ಮಾಡುತ್ತಿರುವುದನ್ನೇ ಹೇಳಲಿ. ಮಗ್ಗದ ಮೇಲೆ ಕುಳಿತ ತಂದೆ ನಡುನಡುವೆ ಕೈ ನಿಲ್ಲಿಸಿ ತೊಟ್ಟಿಲ ಕಡೆ ತಿರುಗಿ ಕರೆಯಲಿ. ಕಾಯಕ ನಿಲ್ಲಬೇಕಿಲ್ಲ, ಕೂಸು ಅದರ ಒಳಗೆ ಸೇರಬೇಕು. ಆಟಕ್ಕೆ ಬಟ್ಟಲು, ಕಟ್ಟಿಗೆಯ ಚಮಚ, ಬಣ್ಣದ ಬಟ್ಟೆ ಸಾಕು; ಶೇಂಗಾ, ಕಡಲೆಕಾಳು, ಮಣಿಗಳು ಮಾತ್ರ ಕೈಗೆ ಸಿಗಬಾರದು, ಅವು ಉಸಿರುನಾಳದಲ್ಲಿ ಸಿಕ್ಕು ಜೀವಕ್ಕೇ ಅಪಾಯ. ಮಲಗಿಸುವಾಗ ಜೋಗುಳ ಹಾಡಿರಿ. ನಿಮ್ಮ ಕಂಠ ಹೇಗಿದ್ದರೂ ಕೂಸಿಗೆ ಅದಕ್ಕಿಂತ ಇಂಪಾದುದಿಲ್ಲ.

ಶಿರಹಟ್ಟಿ, ಮುಂಡರಗಿಯ ಕಡೆ ಮಳೆ ಕೈಕೊಟ್ಟ ವರ್ಷ ಎಷ್ಟೋ ತಂದೆ ತಾಯಿಗಳು ಕೂಸನ್ನು ಅಜ್ಜಿಯ ಬಳಿ ಬಿಟ್ಟು ಗೋವೆಗೆ, ಮಂಗಳೂರಿಗೆ ದುಡಿಯಲು ಹೋಗುತ್ತಾರೆ. ಅವರನ್ನು ದೂಷಿಸುವಂತಿಲ್ಲ. ಕೂಸಿಗೆ ಬೇಕಾದುದು ದಿನವೂ ಓಗೊಡುವ ಒಂದು ಮುಖ. ಅದು ಅಜ್ಜಿಯದೂ ಆಗಬಹುದು. ಆದರೆ ಅಜ್ಜಿ ತನ್ನನ್ನು ಬರಿಯ ಕಾವಲುಗಾರ್ತಿ ಎಂದುಕೊಳ್ಳದೆ, ಮಾತನಾಡುವ ತಾಯಿಯೇ ಆಗಬೇಕು.

ಮೊಬೈಲು ಮಾತನಾಡುತ್ತದೆ, ಓಗೊಡುವುದಿಲ್ಲ. ಕೂಸು ನಕ್ಕರೂ ಅತ್ತರೂ ಅದರ ಹಾಡು ಹಾಗೆಯೇ ಸಾಗುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಯಾವ ಪರದೆಯನ್ನೂ ತೋರಿಸಬಾರದೆಂಬುದು ಭಾರತೀಯ ಶಿಶುವೈದ್ಯರ ಅಕಾಡೆಮಿಯ ಸಲಹೆ. ಬಂಧುಗಳೊಡನೆ ಆಗಾಗ ಮಾಡುವ ವಿಡಿಯೋ ಕರೆಗೆ ಮಾತ್ರ ವಿನಾಯಿತಿ ಉಂಟು, ಏಕೆಂದರೆ ಅಲ್ಲಿ ಎದುರಿನವರು ಮರುಮಾತನಾಡುತ್ತಾರೆ. ಗೋವೆಯಲ್ಲಿರುವ ತಾಯಿ ಸಂಜೆ ಕರೆ ಮಾಡಿ ಕೂಸಿನ ಹೆಸರು ಹಿಡಿದು ಮಾತನಾಡಿಸಲಿ.

ತಾಯಿಯ ತಾಟಿನ ಮಾತು

ಮಾತಿನಷ್ಟೇ ಮುಖ್ಯವಾದುದು ಆಹಾರ. ನಮ್ಮವು ಶಾಕಾಹಾರಿ ಮನೆತನಗಳು. ಬಿ-12 ಎಂಬ ಜೀವಸತ್ವವು ಸಸ್ಯಾಹಾರದಲ್ಲಿ ಹಾಲು, ಮೊಸರು, ಮಜ್ಜಿಗೆಗಳಿಂದ ಮಾತ್ರ ದೊರೆಯುತ್ತದೆ. ಮನೆಯ ಹಾಲನ್ನೆಲ್ಲ ಡೇರಿಗೆ ಹಾಕಿ ಬಸುರಿಗೆ ಚಹಾ ಕುಡಿಸಿದರೆ, ಬಾಣಂತಿಗೆ ತಿಂಗಳುಗಟ್ಟಲೆ ಮೊಸರೂ ಬೇಡ, ಸೊಪ್ಪೂ ಬೇಡ ಎಂದು ಪಥ್ಯ ಹೇರಿದರೆ, ಅವಳ ಎದೆಹಾಲಿನಲ್ಲಿಯೂ ಬಿ-12 ಕೊರತೆಯಾಗುತ್ತದೆ. ಅಂಥ ಕೂಸು ಆರು ತಿಂಗಳ ಬಳಿಕ ಬಿಳಿಚಿಕೊಂಡು, ನಗುವುದನ್ನು ಬಿಟ್ಟು, ಮಂಕಾಗುತ್ತದೆ. ಗೆಣ್ಣುಗಳ ಚರ್ಮ ಕಪ್ಪಾಗುತ್ತದೆ, ಕೆಲವೊಮ್ಮೆ ಕೈಕಾಲು ನಡುಗುತ್ತವೆ. ಕುಳಿತುಕೊಳ್ಳುತ್ತಿದ್ದ ಕೂಸು ಕುಳಿತುಕೊಳ್ಳುವುದನ್ನೇ ಮರೆಯಬಹುದು. ಇದನ್ನು ದೃಷ್ಟಿ ತಾಗಿತೆಂದು ತಿಳಿದು ಕಾಲ ಕಳೆಯಬೇಡಿ. ಬೇಗ ಗುರುತಿಸಿ ಬಿ-12 ಕೊಟ್ಟರೆ ಚೇತರಿಕೆ ಬೇಗ. ತಡವಾದರೆ ಬುದ್ಧಿಯ ಮೇಲೆ ಶಾಶ್ವತ ಪರಿಣಾಮ ಉಳಿಯಬಹುದು. ಗರ್ಭಿಣಿಯಾದಾಗಲೇ ವೈದ್ಯರ ಬಳಿ ಇದರ ಬಗ್ಗೆ ಕೇಳಿರಿ.

ಕಬ್ಬಿಣದ ಕೊರತೆಯೂ ಮೆದುಳಿಗೆ ಹಾನಿ. ಗರ್ಭಿಣಿಗೆ 180 ದಿನ, ಹೆರಿಗೆಯ ನಂತರ 180 ದಿನ ಕೊಡುವ ಕಬ್ಬಿಣದ ಮಾತ್ರೆಗಳನ್ನು ಡಬ್ಬಿಯಲ್ಲಿ ಇಡದೆ ನುಂಗಬೇಕು. 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯ ಬಿಸಿಯೂಟ ದೊರೆಯುತ್ತಿದೆ, ಸಂಕೋಚವಿಲ್ಲದೆ ಉಣ್ಣಿರಿ. ಮೊದಲ ಆರು ತಿಂಗಳು ಕೂಸಿಗೆ ಎದೆಹಾಲಷ್ಟೇ ಸಾಕು, ನೀರೂ ಬೇಡ. ಸುಶ್ರುತರು ಅನ್ನಪ್ರಾಶನಕ್ಕೆ ಹೇಳಿದ ಕಾಲವೂ ಆರನೆಯ ತಿಂಗಳೇ. ಆಮೇಲೆ ಹೆಸರುಬೇಳೆಯ ಮೆತ್ತನೆಯ ಅನ್ನ, ಜೋಳದ ನುಚ್ಚು, ಬೇಯಿಸಿ ನುರಿದ ಸೊಪ್ಪು, ಒಂದಿಷ್ಟು ತುಪ್ಪ ಕೊಡುತ್ತ, ಎದೆಹಾಲನ್ನು ಎರಡು ವರ್ಷದವರೆಗೂ ಮುಂದುವರಿಸಿರಿ.

ನನ್ನಿಂದಾದ ತಪ್ಪು

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಬೆಟಗೇರಿಯ ನೇಕಾರ ಕುಟುಂಬವೊಂದು ಹತ್ತು ತಿಂಗಳ ಹೆಣ್ಣುಕೂಸನ್ನು ಕೆಮ್ಮಿಗೆಂದು ಕರೆತಂದಿತ್ತು. “ಕರದರ ಹೊಳ್ಳಿ ನೋಡೂದಿಲ್ರೀ” ಎಂದಳು ತಾಯಿ. ಜೊತೆಗಿದ್ದ ಅಜ್ಜಿ, “ಹುಟ್ಟಿದಾಗಿಂದ ಮಗ್ಗದ ಸಪ್ಪಳದಾಗ ಬೆಳದೈತ್ರೀ, ರೂಢಿ ಆಗೇತಿ” ಎಂದಳು. ನನಗೂ ಅದು ಸರಿಯೆನಿಸಿತು. ಕೆಲವು ಕೂಸುಗಳು ತಡಮಾಡುತ್ತವೆ, ಕಾಯೋಣ ಎಂದು ಹೇಳಿ ಕಳುಹಿಸಿದೆ. ಎರಡು ವರ್ಷ ತುಂಬಿದರೂ ಒಂದು ಮಾತೂ ಬರಲಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷಿಸಿದಾಗ ಎರಡೂ ಕಿವಿ ಕೇಳಿಸುವುದಿಲ್ಲವೆಂದು ತಿಳಿಯಿತು. ಶ್ರವಣಯಂತ್ರವೂ ತರಬೇತಿಯೂ ದೊರೆತವು. ಆದರೆ ಅಮೂಲ್ಯವಾದ ಹದಿನಾಲ್ಕು ತಿಂಗಳು ನನ್ನ ‘ಕಾಯೋಣ’ ಎಂಬ ಒಂದು ಮಾತಿನಿಂದ ಕಳೆದುಹೋಗಿದ್ದವು. ತಾಯಿಯ ಸಂಶಯ ಸರಿಯಾಗಿತ್ತು. ವೈದ್ಯನ ಸಮಾಧಾನ ತಪ್ಪಾಗಿತ್ತು.

ಒಂದು ಇಂದ್ರಿಯ ಕೆಲಸ ಮಾಡದಿದ್ದರೆ ಬುದ್ಧಿ ನಿಲ್ಲುವುದಿಲ್ಲ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದೆಯೇ ನಾದಲೋಕವನ್ನು ಆಳಿದುದನ್ನು ಕಂಡ ಊರು ನಮ್ಮದು. ಆದರೆ ಕೊರತೆ ಬೇಗ ತಿಳಿದರೆ ಮಾತ್ರ ಬೇರೆ ದಾರಿಯನ್ನು ಬೇಗ ತೆರೆಯಬಹುದು. ಕಿವಿಯ ದೋಷವನ್ನು ಮೂರು ತಿಂಗಳೊಳಗೆ ಗುರುತಿಸಿ ಆರು ತಿಂಗಳೊಳಗೆ ಚಿಕಿತ್ಸೆ ಆರಂಭಿಸಬೇಕೆಂಬುದು ಇಂದಿನ ನಿಯಮ.

ಈ ಗುರುತುಗಳನ್ನು ನೆನಪಿನಲ್ಲಿಡಿ. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಐದು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಾದರೂ ಸದ್ದಿನ ಕಡೆ ತಿರುಗದಿದ್ದರೆ, ಒಂದು ವರ್ಷವಾದರೂ ತೊದಲದಿದ್ದರೆ, ಕೈಸನ್ನೆ ಮಾಡದಿದ್ದರೆ, ಒಂದೂವರೆ ವರ್ಷವಾದರೂ ಒಂದೂ ಮಾತು ಬರದಿದ್ದರೆ ಕಾಯಬೇಡಿ. ಬಂದಿದ್ದ ಕಲಿಕೆ ಯಾವ ವಯಸ್ಸಿನಲ್ಲಿ ಹಿಂದೆ ಹೋದರೂ ಕೂಡಲೇ ತೋರಿಸಿರಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಆ ದಿನ ಕೂಸನ್ನು ತಪ್ಪದೆ ಕರೆದೊಯ್ಯಿರಿ. ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳೊಡನೆ ಮನೆಯಲ್ಲಿ ಆಡುವ ಆಟಗಳಿಗಾಗಿ ಕೇಂದ್ರ ಸರಕಾರ 2024ರಲ್ಲಿ ‘ನವಚೇತನ’ ಎಂಬ ಮಾರ್ಗದರ್ಶಿಯನ್ನು ಹೊರತಂದಿದೆ. ಅಂಗನವಾಡಿ ಕಾರ್ಯಕರ್ತೆಯನ್ನು ಅದರ ಬಗ್ಗೆ ಕೇಳಿರಿ.

ಇನ್ನು ಸ್ವರ್ಣಬಿಂದುವಿನ ಪ್ರಶ್ನೆ. ಚಿನ್ನವನ್ನು ನೆಕ್ಕಿಸುವ ವಿಧಿ ಕಾಶ್ಯಪ ಸಂಹಿತೆಯಲ್ಲಿ ಇದೆ, ನಿಜ. ಆದರೆ ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪದಿಂದ ಅಪರೂಪವಾದರೂ ಮಾರಕವಾದ ವಿಷಬಾಧೆ ಆಗಬಹುದೆಂದು ಇಂದು ತಿಳಿದಿದೆ. ಆದುದರಿಂದ ಆ ವಯಸ್ಸಿನೊಳಗೆ ಜೇನು ಸೇರಿದ ಯಾವುದನ್ನೂ ನಾನು ಕೊಡುವುದಿಲ್ಲ. ದೊಡ್ಡ ಮಕ್ಕಳಿಗೆ ಹಾಕಿಸಿದರೂ ಅದು ತಿಂಗಳಿಗೊಂದು ಹನಿ, ಒಂದು ಕ್ಷಣದ ಕೆಲಸ. ಉಳಿದ ಇಪ್ಪತ್ತಾರು ದಿನ ಕೂಸಿನ ಮೆದುಳು ಬೆಳೆಯುವುದು ನಿಮ್ಮ ಮಡಿಲಲ್ಲಿ, ನಿಮ್ಮ ಮಾತಿನಲ್ಲಿ. ಮುಂದಿನ ಪುಷ್ಯಕ್ಕೆ ಬಂದಾಗಲೂ ನಾನು ಅದೇ ಪ್ರಶ್ನೆ ಕೇಳುವವನಿದ್ದೇನೆ: ಇವತ್ತು ಕೂಸಿನ ಸಂಗಡ ಏನೇನು ಮಾತಾಡಿದಿರಿ?