ಒಣಗಿದ ರಕ್ತದ ಕಲೆಗೆ ಮೊದಲು ತಣ್ಣೀರು



ರಾಗಿ ಕೊಯ್ಲಿನ ದಿನಗಳಲ್ಲಿ ನಮ್ಮ ಕಡೆಯ ಯಾವ ಹೊಲಕ್ಕೆ ಹೋದರೂ, ಬೆರಳಿಗೆ ಚಿಂದಿ ಸುತ್ತಿಕೊಂಡು ಕೊಯ್ಯುತ್ತಿರುವವರು ಒಬ್ಬರಾದರೂ ಕಾಣುತ್ತಾರೆ. ಎಡಗೈ ಹಿಡಿ ತುಂಬ ಪೈರು ಹಿಡಿದು ಕುಡುಗೋಲು ಎಳೆಯುವಾಗ ಕಿರುಬೆರಳು ಸಿಕ್ಕಿಬಿಡುತ್ತದೆ. ಅರಸೀಕೆರೆ ಕಡೆ ತೆಂಗಿನಕಾಯಿ ಸುಲಿಯುವವರ ಅಂಗೈಗೆ ಪೆಟ್ಟು. ಬೇಲೂರಿನ ಮಲೆನಾಡು ಭಾಗದಲ್ಲಿ ಮಳೆಗಾಲ ಬಂತೆಂದರೆ ಕಾಫಿ ತೋಟದವರ ಕಾಲಿಗೆ ಇಂಬಳ. ಗಾಯ ವಾರದಲ್ಲಿ ಮಾಯುತ್ತದೆ. ಅಂಗಿ ಪಂಚೆಗಳ ಮೇಲಿನ ಕಲೆ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ.

ಹಳೇಬೀಡಿನ ಹತ್ತಿರದ ಒಂದು ಊರಿನಲ್ಲಿ ಈ ವಿಷಯ ಎತ್ತಿದಾಗ ಹಿರಿಯರೊಬ್ಬರು ನಕ್ಕರು. “ಏನಪ್ಪಾ, ಗೊಬ್ಬರದ ಮಾತು ಬಿಟ್ಟು ಬಟ್ಟೆ ಒಗೆಯೋ ಪಾಠ ಶುರು ಮಾಡಿದೆಯಾ?” ಎಂದರು. ಅವರು ನಕ್ಕಿದ್ದು ಸರಿಯೇ. ಆದರೆ ಇದರಲ್ಲಿ ಬಟ್ಟೆಯ ಮಾತಷ್ಟೇ ಅಲ್ಲ, ದನಕರುಗಳ ಮತ್ತು ಮನೆಮಂದಿಯ ಆರೋಗ್ಯದ ಮಾತೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ನಾವೆಲ್ಲರೂ ಮಾಡುವ ತಪ್ಪನ್ನು ನೋಡೋಣ. ನಾನು ಕೃಷಿ ಡಿಪ್ಲೊಮಾ ಓದುತ್ತಿದ್ದಾಗ ರಜೆಯಲ್ಲಿ ಊರಿಗೆ ಬಂದು ಕೊಯ್ಲಿಗಿಳಿದು ಕೈ ಕುಯ್ದುಕೊಂಡೆ. ಹೊಸ ಬಿಳಿ ಅಂಗಿಯ ತೋಳೆಲ್ಲ ರಕ್ತ. ನಮ್ಮ ತಾಯಿ ಮರುದಿನ ಬೆಳಿಗ್ಗೆ ಹಂಡೆಯಿಂದ ಕುದಿಯುವ ನೀರು ತೋಡಿ ಅಂಗಿಯ ಮೇಲೆ ಸುರಿದರು. ಮಗನ ಅಂಗಿ ಚೆನ್ನಾಗಿ ಶುದ್ಧವಾಗಲಿ ಎಂದೇ ಸುರಿದದ್ದು. ಕೆಂಪಾಗಿದ್ದದ್ದು ಕಂದಾಯಿತು, ಕಂದಾಗಿದ್ದದ್ದು ಹಾಗೆಯೇ ನಿಂತಿತು. ಆ ಅಂಗಿ ಈಗಲೂ ನನ್ನಲ್ಲಿದೆ. ಔಷಧಿ ಸಿಂಪಡಿಸುವ ದಿನ ಹಾಕಿಕೊಳ್ಳುತ್ತೇನೆ.

ಹೀಗೇಕಾಯಿತು? ಕೋಳಿಮೊಟ್ಟೆಯನ್ನು ನೆನೆಯಿರಿ. ಹಸಿ ಮೊಟ್ಟೆಯ ಬಿಳಿಭಾಗ ನೆಲಕ್ಕೆ ಚೆಲ್ಲಿದರೆ ತಣ್ಣೀರಿನಲ್ಲಿ ತೊಳೆದುಹೋಗುತ್ತದೆ. ಅದೇ ಬಿಸಿ ಕಾವಲಿಯ ಮೇಲೆ ಬಿದ್ದರೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಎಷ್ಟು ನೀರು ಹಾಕಿದರೂ ಕರಗುವುದಿಲ್ಲ. ರಕ್ತದಲ್ಲಿಯೂ ಅಂಥದೇ ಸಸಾರಜನಕ, ಎಂದರೆ ಪ್ರೋಟೀನು, ತುಂಬಿದೆ. ಬಿಸಿ ತಾಗಿದೊಡನೆ ಅದು ನೂಲಿನ ಎಳೆಗಳ ನಡುವೆ ಹೆಪ್ಪುಗಟ್ಟಿ ಕೂತುಬಿಡುತ್ತದೆ. ಕಲೆ ಇರುವಾಗಲೇ ಇಸ್ತ್ರಿ ಹಾಕಿದರೂ, ಸುಡುಬಿಸಿಲಿನ ಕಲ್ಲಿನ ಮೇಲೆ ಒಣಹಾಕಿದರೂ ಇದೇ ಗತಿ. ರಕ್ತದ ಕೆಂಪು ಬಣ್ಣದಲ್ಲಿ ಕಬ್ಬಿಣದ ಅಂಶವಿದೆ. ಗಾಳಿ ತಾಗಿ ಒಣಗಿದಂತೆ ಅದೇ ಬಣ್ಣ ಕಂದಾಗುತ್ತದೆ.

ಆದ್ದರಿಂದ ತಣ್ಣೀರೇ ಮೊದಲ ಮದ್ದು. ಹಸಿ ರಕ್ತವಾದರೆ ಹೊಲದಲ್ಲಿಯೇ ಕುಡಿಯುವ ನೀರಿನಿಂದ ಜಾಲಿಸಿಬಿಡಿ, ಮುಕ್ಕಾಲು ಪಾಲು ಅಲ್ಲಿಯೇ ಹೋಗುತ್ತದೆ. ಒಣಗಿದ್ದರೆ ಆತುರ ಬೇಡ. ಮೇಲೆ ಗಟ್ಟಿಯಾಗಿ ನಿಂತ ಹಕ್ಕಳೆಯನ್ನು ಚಮಚದ ಹಿಂಬದಿಯಿಂದ ಮೆಲ್ಲಗೆ ಉದುರಿಸಿ. ಒಂದು ಲೀಟರ್ ತಣ್ಣೀರಿಗೆ ಎರಡು ಚಮಚ ಅಡುಗೆ ಉಪ್ಪು ಕರಗಿಸಿ, ಕಲೆಯ ಭಾಗ ಪೂರ್ತಿ ಮುಳುಗುವಂತೆ ರಾತ್ರಿ ನೆನೆಹಾಕಿ. ನೀರು ಟೀ ಬಣ್ಣಕ್ಕೆ ತಿರುಗಿದರೆ ಚೆಲ್ಲಿ ಹೊಸ ನೀರು ಹಾಕಿ. ಬೆಳಿಗ್ಗೆ ಕಲೆಯನ್ನು ಬಟ್ಟೆಯ ಹಿಂಬದಿಯಿಂದ ನೀರು ಬೀಳುವಂತೆ ನಲ್ಲಿಗೆ ಹಿಡಿಯಿರಿ. ಆಮೇಲೆ ಬಟ್ಟೆ ಸೋಪು ಹಚ್ಚಿ, ಬಟ್ಟೆಗೆ ಬಟ್ಟೆಯನ್ನೇ ತಿಕ್ಕಿ, ತಣ್ಣೀರಿನಲ್ಲಿಯೇ ಜಾಲಿಸಿ. ಒಗೆಯುವ ಕಲ್ಲಿಗೆ ಬಡಿಯುವುದರಿಂದ ನೂಲು ಸವೆಯುತ್ತದೆಯೇ ಹೊರತು ಕಲೆ ಬೇಗ ಹೋಗುವುದಿಲ್ಲ.

ಬೋರ್‌ವೆಲ್ ನೀರು ಗಡಸಾಗಿರುವ ಊರುಗಳಲ್ಲಿ ಸೋಪು ನೊರೆ ಬರುವುದಿಲ್ಲ, ಬಿಳಿಯ ಗಸಿಯಾಗಿ ಬಟ್ಟೆಗೇ ಹತ್ತಿಕೊಳ್ಳುತ್ತದೆ. ಅಂಥ ಕಡೆ ಕೂಡಿಟ್ಟ ಮಳೆನೀರು ಅಥವಾ ಕೆರೆಯ ತಿಳಿನೀರನ್ನು ಮನೆಗೆ ತಂದು ಈ ಕೆಲಸಕ್ಕೆ ಬಳಸಿರಿ.

ಇಷ್ಟಕ್ಕೂ ಹೋಗದಿದ್ದರೆ ಎನ್‌ಜೈಮ್ ಇರುವ ಒಗೆಯುವ ಪುಡಿಯನ್ನು ಕೇಳಿ ತನ್ನಿ. ಪೊಟ್ಟಣದ ಮೇಲೆ ಬರೆದಿರುತ್ತದೆ. ನಮ್ಮ ಹೊಟ್ಟೆ ಬೇಳೆಯನ್ನು ಜೀರ್ಣಿಸಿಕೊಳ್ಳುವ ಹಾಗೆ ಈ ಎನ್‌ಜೈಮು ರಕ್ತದ ಸಸಾರಜನಕವನ್ನು ತುಂಡರಿಸುತ್ತದೆ. ಇದಕ್ಕೆ ಕೈಗೆ ಹಿತವಾಗುವಷ್ಟು ಉಗುರುಬೆಚ್ಚಗಿನ ನೀರು ಸಾಕು. ಕುದಿನೀರಿನಲ್ಲಿ ಎನ್‌ಜೈಮೇ ಕೆಟ್ಟುಹೋಗುತ್ತದೆ. ಒಂದೆರಡು ಗಂಟೆ ನೆನೆಯಬೇಕು. ಹತ್ತು ನಿಮಿಷ ನೆನೆಸಿ “ನಿಮ್ಮ ಪುಡಿ ಕೆಲಸ ಮಾಡಲಿಲ್ಲ” ಎಂದು ನನ್ನನ್ನು ಬೈದವರಿದ್ದಾರೆ.

ಬಿಳಿ ಹತ್ತಿ ಬಟ್ಟೆಗೆ ಇನ್ನೊಂದು ಉಪಾಯವಿದೆ. ಔಷಧಿ ಅಂಗಡಿಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಸಿಗುತ್ತದೆ. ಶೇಕಡಾ 6ರದಾದರೆ ಅಷ್ಟೇ ನೀರು ಬೆರೆಸಿ 3ಕ್ಕೆ ಇಳಿಸಿ, ಕಲೆಯ ಮೇಲೆ ಕೆಲವು ಹನಿ ಬಿಡಿ. ಬುಸಬುಸನೆ ನೊರೆ ಏಳುತ್ತದೆ. ನೊರೆ ಒರೆಸಿ ಮತ್ತೆ ಬಿಡಿ, ಕೊನೆಗೆ ತಣ್ಣೀರಿನಲ್ಲಿ ಜಾಲಿಸಿ. ಬಣ್ಣದ ಬಟ್ಟೆಯಾದರೆ ಒಳಹೊಲಿಗೆಯ ಅಂಚಿನಲ್ಲಿ ಒಂದು ಹನಿ ಪರೀಕ್ಷಿಸದೆ ಮುಟ್ಟಬೇಡಿ. ಇದರೊಡನೆ ಬ್ಲೀಚಿಂಗ್ ಪುಡಿಯನ್ನು ಎಂದೂ ಬೆರೆಸಕೂಡದು. ಎಲ್ಲ ಮುಗಿದ ಮೇಲೂ ತುಕ್ಕಿನಂಥ ನೆರಳು ಉಳಿದರೆ ನಿಂಬೆರಸ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆಯಬಹುದು. ನಿಂಬೆಯನ್ನು ಮೊದಲೇ ಹಚ್ಚಿದರೆ ಮಾತ್ರ ಹಾಲು ಒಡೆದಂತೆ ರಕ್ತವೂ ಗಟ್ಟಿಯಾಗುತ್ತದೆ.

ರೇಷ್ಮೆ ಸೀರೆ, ಕುರಿಯ ತುಪ್ಪಟದ ಕಂಬಳಿ ಇವೆರಡೂ ತಾವೇ ಸಸಾರಜನಕ. ರಕ್ತವನ್ನು ತಿನ್ನುವ ಎನ್‌ಜೈಮು ಇವನ್ನೂ ತಿನ್ನುತ್ತದೆ. ವಾಷಿಂಗ್ ಸೋಡಾ ಕೂಡ ಬೇಡ. ಬೇಲೂರಿನ ತೇರಿಗೆಂದು ಉಟ್ಟ ಜರಿ ಸೀರೆಗೆ ರಕ್ತ ತಾಗಿದರೆ ತಣ್ಣೀರಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒತ್ತಿ ಒತ್ತಿ ತೆಗೆಯಿರಿ. ಹೋಗದಿದ್ದರೆ ಡ್ರೈಕ್ಲೀನಿಂಗ್‌ಗೆ ಕೊಡುವಾಗ ಇದು ರಕ್ತದ ಕಲೆ ಎಂದು ನಾಚಿಕೆಯಿಲ್ಲದೆ ಹೇಳಿ.

ಇಂಬಳದ ಕಲೆ ಅಷ್ಟು ಅಗಲವೇಕೆ ಎಂದು ತೋಟದ ಕೆಲಸದ ಹೆಣ್ಣುಮಕ್ಕಳು ಕೇಳಿದ್ದರು. ಕಚ್ಚುವಾಗ ಅದರ ಜೊಲ್ಲಿನ ಒಂದು ವಸ್ತು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಹುಳು ಉದುರಿದ ಮೇಲೂ ಗಂಟೆಗಟ್ಟಲೆ ಸೋರುತ್ತದೆ. ಮನೆಗೆ ಬಂದ ಕೂಡಲೇ ಕಾಲುಚೀಲವನ್ನು ತಣ್ಣೀರಿಗೆ ಹಾಕಿ.

ಕಲೆಗಿಂತ ಮೊದಲು ಗಾಯವನ್ನು ನೋಡಿಕೊಳ್ಳಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ. ಮಣ್ಣು, ಗೊಬ್ಬರ ಮೆತ್ತಿದ ಕುಡುಗೋಲಿನ ಗಾಯದಿಂದ ಧನುರ್ವಾಯು ಬರಬಹುದು. ಹಿಂದಿನ ಚುಚ್ಚುಮದ್ದು ಹಾಕಿಸಿ ಐದು ವರ್ಷ ಕಳೆದಿದ್ದರೆ, ಅಥವಾ ನೆನಪೇ ಇಲ್ಲದಿದ್ದರೆ, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಇನ್ನೊಂದು ಮಾತು ಬರೆಯಲು ಸ್ವಲ್ಪ ಸಂಕೋಚ. ಆದರೂ ಬರೆಯಲೇಬೇಕು. ಹೆಣ್ಣುಮಕ್ಕಳು ತಿಂಗಳ ಬಟ್ಟೆಯನ್ನು ಯಾರಿಗೂ ಕಾಣದಂತೆ ಕತ್ತಲಲ್ಲಿ ಒಗೆದು, ಕೊಟ್ಟಿಗೆಯ ಮೂಲೆಯಲ್ಲಿ ಅಥವಾ ಬೇರೆ ಬಟ್ಟೆಯ ಅಡಿಯಲ್ಲಿ ಒಣಗಿಸುತ್ತಾರೆ. ಒಳಗೆ ತೇವ ಉಳಿದು ಬೂಷ್ಟು ಹಿಡಿಯುತ್ತದೆ. ಅದನ್ನೇ ಮತ್ತೆ ಉಟ್ಟರೆ ತುರಿಕೆ, ಸೋಂಕು. ಆ ಬಟ್ಟೆಗೂ ಇದೇ ಕ್ರಮ: ತಣ್ಣೀರಿನಲ್ಲಿ ನೆನೆಸಿ, ಸೋಪಿನಲ್ಲಿ ಒಗೆದು, ರಕ್ತವೆಲ್ಲ ಹೋದ ಮೇಲೆ ಕುದಿಸಿ, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಬೇಕು. ತೆಳ್ಳನೆಯ ಕಂದು ನೆರಳು ಉಳಿದರೆ ಅದು ಕೊಳೆಯಲ್ಲ, ಬಟ್ಟೆ ಶುದ್ಧವೇ. ಯಜಮಾನರೇ, ನಿಮ್ಮ ಅಂಗಳದ ಹಗ್ಗದಲ್ಲಿ ಒಂದು ಗೇಣು ಬಿಸಿಲನ್ನು ಅದಕ್ಕೂ ಬಿಡಿ.

ಈಗ ದನಕರುಗಳ ಮಾತು. ಮೇಲೆ ಹೇಳಿದ್ದೆಲ್ಲ ನಮ್ಮ ನಮ್ಮ ರಕ್ತಕ್ಕೆ. ಬೇರೆಯವರ ರಕ್ತವಾದರೆ, ಒಣಗಿದ್ದರೂ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ತೊಳೆಯಿರಿ. ಕಾಮಾಲೆ ತರುವ ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲಿಯೂ ಏಳು ದಿನ ಬದುಕಿರಬಲ್ಲದು. ಹಸು ಕಂದು ಹಾಕಿದಾಗ ಕೈಹಾಕಿ ಎಳೆದವರ ಬಟ್ಟೆಯನ್ನು ಮನೆಯ ಬಟ್ಟೆಯೊಡನೆ ಸೇರಿಸಬೇಡಿ. ಬ್ರುಸೆಲ್ಲಾ ರೋಗದಿಂದ ಕಂದು ಹಾಕಿದ್ದಾದರೆ ಅದು ಮನುಷ್ಯರಿಗೂ ಹತ್ತುತ್ತದೆ; ವಾರಗಟ್ಟಲೆ ಬಂದು ಹೋಗುವ ಜ್ವರ, ಕೀಲುನೋವು. ಬೇರೆ ಬಕೆಟ್ಟಿನಲ್ಲಿ ಮೊದಲು ತಣ್ಣೀರು, ಆಮೇಲೆ ಹದಿನೈದು ನಿಮಿಷ ಕುದಿಸುವುದು. ಆ ತಣ್ಣೀರನ್ನೂ ಕುದಿಸಿಯೇ ಗುಂಡಿಗೆ ಸುರಿಯಿರಿ.

ಒಂದು ರಕ್ತವನ್ನು ಮಾತ್ರ ತೊಳೆಯಲೇಬಾರದು. ನಿನ್ನೆ ಮೇಯುತ್ತಿದ್ದ ದನ ಇಂದು ದಿಢೀರನೆ ಸತ್ತಿದೆ, ಮೂಗಿನಿಂದಲೋ ಗುದದಿಂದಲೋ ಕಪ್ಪುಗೆಂಪು ರಕ್ತ ಸೋರುತ್ತಿದೆ, ಅದು ಹೆಪ್ಪುಗಟ್ಟುತ್ತಿಲ್ಲ ಎಂದರೆ ಅದು ನೆರಡಿ ರೋಗವಿರಬಹುದು. ಅದರ ರೋಗಾಣು ಗಾಳಿ ತಾಗಿದರೆ ಗಟ್ಟಿ ಚಿಪ್ಪಿನ ಬೀಜಾಣುವಾಗಿ ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಸೋಪಿಗೂ ಬಿಸಿಲಿಗೂ ಅದು ಜಗ್ಗುವುದಿಲ್ಲ. ಹಾಗೆ ಸತ್ತ ದನವನ್ನು ಕುಯ್ಯಬೇಡಿ, ಚರ್ಮ ಸುಲಿಯಬೇಡಿ, ರಕ್ತ ತಾಗಿದ ಪಂಚೆಯನ್ನು ಕೆರೆಗೆ ಒಯ್ಯಬೇಡಿ. ಕೆರೆಯಲ್ಲಿ ಜಾಲಿಸಿದರೆ ಊರ ದನವೆಲ್ಲ ಅದೇ ನೀರು ಕುಡಿಯುತ್ತದೆ. ಪಂಚೆ ಹೋದರೆ ಹೋಗಲಿ, ಪಶುವೈದ್ಯರು ಬರುವ ತನಕ ಮುಟ್ಟದೆ ಅಲ್ಲಿಯೇ ಬಿಟ್ಟು, ಅವರು ಹೇಳಿದಂತೆ ಸುಟ್ಟುಬಿಡಿ. ಕೈಕಾಲನ್ನು ಸೋಪು ಹಚ್ಚಿ ತೊಳೆದುಕೊಳ್ಳಿ. ಮೈಮೇಲೆ ನಡುವೆ ಕಪ್ಪಾದ, ನೋವಿಲ್ಲದ ಹುಣ್ಣು ಎದ್ದರೆ ದನ ಸತ್ತ ಸಂಗತಿಯನ್ನು ವೈದ್ಯರಿಗೆ ತಿಳಿಸಿ. ಪಶು ಆಸ್ಪತ್ರೆ ದೂರವಿದ್ದರೆ 1962ಕ್ಕೆ ಫೋನು ಮಾಡಿ.