ನೀರಹಕ್ಕಿಗೂ ಬೇಕು ಒಣ ನೆಲ

ಹಾಲನ್ನೂ ನೀರನ್ನೂ ಬೇರ್ಪಡಿಸಬಲ್ಲ ಹಂಸವನ್ನು ನಮ್ಮ ಕವಿಗಳು ಕೊಂಡಾಡಿದ್ದಾರೆ. ಅದರ ಬಡನೆಂಟನಾದ ಬಾತುಕೋಳಿಗೆ ಅಂಥ ವಿವೇಕವಿಲ್ಲ. ಮುಂದಿಟ್ಟುದನ್ನು ನಂಬಿ ನುಂಗುತ್ತದೆ. ಇದನ್ನು ನಾನು ಕಲಿತದ್ದು ನಷ್ಟಪಟ್ಟ ಮೇಲೆ.

ಕಾರ್ಕಳದಿಂದ ಕುದುರೆಮುಖಕ್ಕೆ ಹೋಗುವ ದಾರಿಯ ಬಜಗೋಳಿಯಲ್ಲಿ ನಮ್ಮ ಮನೆ. ಅಡಿಕೆ ತೋಟ, ಬದಿಯಲ್ಲಿ ತೋಡು, ಮಳೆಗಾಲವಿಡೀ ನೀರೇ ನೀರು. ಬಾತುಗಳಿಗೆ ಇದೇ ಸ್ವರ್ಗವೆಂದು ಭಾವಿಸಿ, ಕಾವು ಕುಳಿತ ಊರಕೋಳಿಯ ಅಡಿಯಲ್ಲಿ ಎಂಟು ಬಾತಿನ ಮೊಟ್ಟೆಗಳನ್ನಿಟ್ಟೆ. ಕೋಳಿಮೊಟ್ಟೆ 21 ದಿನಕ್ಕೆ ಒಡೆದರೆ ಬಾತಿನದಕ್ಕೆ 28 ದಿನ ಬೇಕು. ಆ ಹೆಚ್ಚಿನ ವಾರವನ್ನೂ ಸಾಕುತಾಯಿ ತಾಳ್ಮೆಯಿಂದ ಕಳೆಯಿತು. ಏಳು ಮರಿಗಳಾದವು.

ಆಷಾಢದ ಜಡಿಮಳೆಯಲ್ಲಿ, ಮೂಲೆಯ ಗೋಣಿಯಲ್ಲಿದ್ದ ನೆಲಗಡಲೆ ಹಿಂಡಿಯನ್ನು ಅವಕ್ಕೆ ಹಾಕಿದೆ. ತುಸು ಬೂಷ್ಟು ಹಿಡಿದಿತ್ತು; ಒರೆಸಿದರಾಯಿತೆಂದುಕೊಂಡೆ. ಕೆಲವೇ ದಿನಗಳಲ್ಲಿ ಐದು ಮರಿಗಳು ಸತ್ತವು. ಹಿಂಡಿಯನ್ನು ನೋಡಿದ ಪಶುವೈದ್ಯರು ಕಾರಣ ತಿಳಿಸಿದರು.

1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿಕೋಳಿಗಳು ಸಾವಿರ ಸಾವಿರವಾಗಿ ಸತ್ತವು. ಬಾತುಮರಿಗಳೂ ಅದೇ ದಾರಿ ಹಿಡಿದವು. ಕಾರಣ ಹುಡುಕಿದಾಗ ಸಿಕ್ಕಿದ್ದು ನೆಲಗಡಲೆ ಹಿಂಡಿಯ ಬೂಷ್ಟು ಹುಟ್ಟಿಸುವ ಅಫ್ಲಟಾಕ್ಸಿನ್ ಎಂಬ ವಿಷ. ಅದು ಯಕೃತ್ತನ್ನು ಕೆಡಿಸುತ್ತದೆ. ಒರೆಸಿದರೆ ಹೋಗದು, ಬೇಯಿಸಿದರೂ ಪೂರ್ತಿ ಅಳಿಯದು. ಕೋಳಿಮರಿ ತಾಳಿಕೊಳ್ಳುವಷ್ಟು ವಿಷವೂ ಬಾತುಮರಿಗೆ ಮಾರಕವಾದೀತು.

ಈಗ ಮಳೆಗಾಲದಲ್ಲಿ ವಾರಕ್ಕೆ ಬೇಕಾದಷ್ಟೇ ಮೇವು ತಂದು, ಮುಚ್ಚಳದ ಡಬ್ಬಿಯಲ್ಲಿ, ನೆಲ ತಾಗದಂತೆ ಇಡುತ್ತೇನೆ. ಗೂಡಿನಲ್ಲಿ ಒಣ ಉಮಿ ಹರಡಿ, ಒದ್ದೆಯಾದದ್ದನ್ನು ಆಗಾಗ ತೆಗೆಯುತ್ತೇನೆ. ಬಾತಿಗೆ ಕೆರೆಯೇ ಬೇಕೆಂದಿಲ್ಲ. ಕಣ್ಣು ಮೂಗು ತೊಳೆದುಕೊಳ್ಳಲು ತಲೆ ಮುಳುಗುವಷ್ಟು ಆಳದ ಬೋಗುಣಿ ಸಾಕು. ಆ ಕೊಳೆನೀರನ್ನು ಬಾವಿಯಿಂದ ದೂರ, ಅಡಿಕೆಯ ಬುಡಕ್ಕೆ ಚೆಲ್ಲಬೇಕು. ಕೋಳಿಯ ಕಾವಿನಲ್ಲಿ ಹುಟ್ಟಿದ ಮರಿಗಳಿಗೆ ತಾಯಿಬಾತಿನ ಗರಿಯೆಣ್ಣೆಯ ರಕ್ಷೆ ಇರುವುದಿಲ್ಲ. ಎಳೆತನದಲ್ಲಿ ಅವನ್ನು ತೋಡಿಗೆ ಬಿಟ್ಟರೆ ನೆನೆದು ಚಳಿಗೆ ಸಾಯುತ್ತವೆ. ರಾತ್ರಿ ಗೂಡಿಗೆ ಅಗುಳಿ ಹಾಕದಿದ್ದರೆ ಕೀರ, ನರಿಗಳ ಪಾಲಾಗುತ್ತವೆ.

ಅಂದು ಉಳಿದ ಎರಡು ಮರಿಗಳು ಬೆಳೆದು, ತೋಟದ ಬಸವನಹುಳುಗಳನ್ನು ಹೆಕ್ಕುತ್ತ, ನನ್ನನ್ನು ಕಂಡೊಡನೆ ಓಡಿ ಬರುತ್ತಿದ್ದವು. ಆ ನಂಬಿಕೆ ನನ್ನನ್ನು ನಾಚಿಸುತ್ತಿತ್ತು. ಬಾತು ಸಾಕಬಯಸುವ ಮಿತ್ರರಲ್ಲಿ ನನ್ನದೊಂದೇ ಅರಿಕೆ: ಒಳಿತನ್ನೂ ಕೆಡುಕನ್ನೂ ಬೇರ್ಪಡಿಸುವ ಹಂಸದ ಕೆಲಸ ಹಕ್ಕಿಯದಲ್ಲ, ಸಾಕಿದವನದು.